ತಲೆ ಆಡಿಸುವ ಪಾಠ

ನನ್ನ ಮಗಳು ರಾಲಿಯ ಬೆನ್ನಿಗೆ ಸೂಜಿ ಹಾಕುವ ಕೋಣೆಯೊಳಗೆ ತಾಯಂದಿರನ್ನು ಬಿಡುತ್ತಿರಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ನಿಂತು ಅವಳ ಅಳು ಕೇಳಿಸಿಕೊಳ್ಳುವುದಷ್ಟೇ ನನ್ನ ಪಾಲಿಗೆ. ಆರು ವರ್ಷದ ಮಗು, ರಕ್ತದ ಕ್ಯಾನ್ಸರ್. ಆ ಸೂಜಿ ಇನ್ನೂ ಎಷ್ಟೋ ಸಲ ಬಾಕಿ ಇತ್ತು. ಹಾಗಾಗಿ, ಡೆನ್ಮಾರ್ಕಿನಿಂದ ಒಬ್ಬಾಕೆ ನಮ್ಮ ಪ್ಲೊವ್ದಿವ್ ಊರಿನ ಆಸ್ಪತ್ರೆಗೆ ಬಂದು ಮಕ್ಕಳನ್ನೇ ಏನು ಬೇಕು, ಏನು ಬೇಡ ಎಂದು ಕೇಳುತ್ತಾಳೆ, ಅದರಂತೆ ವಾರ್ಡಿನ ನಿಯಮ ಬದಲಾಗುತ್ತದೆ ಎಂದಾಗ ನನಗೆ ಜೀವ ಬಂದಂತಾಯಿತು.

"ಮಕ್ಕಳ ಜೀವನದ ಗುಣಮಟ್ಟ ಅಳೀತಾರಂತೆ," ಎಂದಳು ಹಿರಿಯ ನರ್ಸ್ ದೋಂಕಾ, ಹಾಸಿಗೆಯ ಬಟ್ಟೆ ಕೊಡವುತ್ತ. "ಅಳೀಲಿ ಬಿಡು. ದೊಡ್ಡ ಟೇಪೇನೂ ಬೇಕಾಗಲ್ಲ."

ಔಷಧದಿಂದಾಗಿ ಮಕ್ಕಳ ಬಾಯಿ ತುಂಬ ಹುಣ್ಣು. ಮಾತಾಡುವುದು ಬೇಡ, ತಲೆ ಆಡಿಸಿದರೆ ಸಾಕು ಎಂದು ಡೆನ್ಮಾರ್ಕಿನಾಕೆ ಮೊದಲೇ ತಿಳಿಸಿದ್ದಳು. ದೊಡ್ಡವರು ಯಾರೂ ಹತ್ತಿರ ಇರಕೂಡದು, ಮಕ್ಕಳು ನಮ್ಮ ಮುಖ ನೋಡಿ ಉತ್ತರ ಕೊಡುತ್ತಾರಂತೆ.

ನಮ್ಮಲ್ಲಿ ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ, ಇಲ್ಲ ಎನ್ನಲು ಮೇಲೆ ಕೆಳಗೆ. ಪರದೇಶದವರದು ಇದಕ್ಕೆ ತದ್ವಿರುದ್ಧ. ದೋಂಕಾ ಆಕೆ ಬರುವ ಹಿಂದಿನ ದಿನವೇ ಮಕ್ಕಳನ್ನೆಲ್ಲ ಕೂರಿಸಿಕೊಂಡು ಪಾಠ ಮಾಡಿದಳು.

"ನೋಡ್ರೋ ಮರಿಗಳಾ, ನಾಳೆ ಬರೋ ಆಂಟಿ ಹೊರಗಿನವಳು. ಅವಳಿಗೆ ಹೌದು ಅಂದ್ರೆ ಹೀಗೆ, ಮೇಲೆ ಕೆಳಗೆ. ನಮ್ಮ ಥರ ಆಡಿಸಿದ್ರೆ ಪಾಪ, ಅವಳಿಗೆ ತಿಳಿಯಲ್ಲ. ಎಲ್ಲಿ, ಆಡಿಸಿ!"

ಬೋಳು ತಲೆಗಳೆಲ್ಲ ಒಟ್ಟಿಗೆ ಆಡಿದವು. ನಕ್ಕರೆ ಹುಣ್ಣು ಉರಿಯುತ್ತದೆ, ಆದರೂ ನಕ್ಕವು. ನಾನೂ ಬಿಡಲಿಲ್ಲ. ಸೂಪು ಕುಡಿಸುತ್ತ ರಾಲಿಯನ್ನು ಮತ್ತೆ ಮತ್ತೆ ಕೇಳಿದೆ, "ಸೂಜಿ ಹಾಕುವಾಗ ಅಮ್ಮ ಒಳಗೆ ಬರಲಾ?"

ರಾಲಿ ಗಂಭೀರವಾಗಿ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು.

"ನನ್ನ ಜಾಣೆ!" ಎಂದೆ.

ಮರುದಿನ ಡೆನ್ಮಾರ್ಕಿನಾಕೆ ಬಂದಳು, ಒಳ್ಳೆಯ ಹೆಂಗಸು. ಪ್ರಶ್ನೆಗಳನ್ನು ನಮ್ಮ ಭಾಷೆಯಲ್ಲೇ ಬಾಯಿಪಾಠ ಮಾಡಿದ್ದಳು. ಪ್ರತಿ ಮಗುವಿನ ಮಂಚದ ಪಕ್ಕ ನೆಲದ ಮೇಲೆ ಕೂತು ಕೇಳಿದಳು, ಹೋದಳು.

ಕೆಲವು ವಾರಗಳ ಮೇಲೆ ಡಾಕ್ಟರ್ ಕರಾಸ್ಲಾವೊವ್ ತಾಯಂದಿರನ್ನು ಕರೆದು ಫಲಿತಾಂಶ ಹೇಳಿದರು. ಮಕ್ಕಳಿಗೆ ಇಲ್ಲಿಯ ರವೆ ಗಂಜಿ ಬಹಳ ಇಷ್ಟ. ಮನೆಯ ನೆನಪು ಕಾಡುವುದಿಲ್ಲ. ಆಟದ ಕೋಣೆ ಬೇಕಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಸೂಜಿಯ ಹೊತ್ತಿಗೆ ತಾಯಿ ಜೊತೆಗಿರುವುದೂ ಬೇಡವಂತೆ. ಇನ್ನು ಮೇಲೂ ಅದೇ ನಿಯಮ."

"ಯಾರು ಹೇಳಿದ್ದು ಡಾಕ್ಟ್ರೇ?"

"ಮಕ್ಕಳೇ ಅಮ್ಮಾ, ಸ್ವತಃ ಮಕ್ಕಳೇ! ಆಕೆ ಎಂಥ ಜಾಗರೂಕಳು ಅಂತೀರಿ? ನಾವು ತಲೆ ಆಡಿಸೋದು ಉಲ್ಟಾ ಅಂತ ಮೊದಲೇ ಕಲಿತುಕೊಂಡು ಬಂದಿದ್ಲು. ಎಲ್ಲಾ ನಮ್ಮ ಲೆಕ್ಕದಲ್ಲೇ, ಮೇಲೆ ಕೆಳಗೆ ಅಂದ್ರೆ ಇಲ್ಲ ಅಂತ, ಬರ್ಕೊಂಡಿದಾಳೆ."

ಬಾಗಿಲಲ್ಲಿ ನಿಂತಿದ್ದ ದೋಂಕಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಅಯ್ಯೋ ದೇವರ ತಾಯೇ! ನಾನು ಅವಕ್ಕೆ ಅವಳ ಲೆಕ್ಕ ಕಲಿಸಿದ್ದೆನಲ್ಲಾ!"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ವರದಿ ಹೋಗಿಯಾಯ್ತು," ಎಂದರು. "ಮೇಲಿಂದ ಶಹಬ್ಬಾಸ್ ಕೂಡ ಬಂತು. ಆಸ್ಪತ್ರೆ ಗಂಜಿ ಇಷ್ಟಪಟ್ಟ ಮಕ್ಕಳನ್ನ ಆಕೆ ಇಲ್ಲೇ ಮೊದಲು ಕಂಡದ್ದಂತೆ."

"ಹಾಗಾದ್ರೆ ಈಗ ಕೇಳಿ," ಎಂದೆ. "ರಾಲಿ ಬಾಯಿ ವಾಸಿಯಾಗಿದೆ, ಬಾಯಿಬಿಟ್ಟೇ ಹೇಳ್ತಾಳೆ."

"ಈಗ ಹೇಳಿದ್ರೆ ನೀವು ಹೇಳಿಕೊಟ್ಟ ಹಾಗಾಗುತ್ತೆ. ಅದು ಮಗುವಿನ ಅಭಿಪ್ರಾಯ ಅನ್ನಿಸಿಕೊಳ್ಳಲ್ಲ."

ಅಂದಿನಿಂದ ರವೆ ಗಂಜಿ ಸಂಜೆಯೂ ಬರತೊಡಗಿತು.

ಮುಂದಿನ ಸೂಜಿಯ ದಿನ ರಾಲಿ ಬಾಗಿಲ ಬಳಿ ನನ್ನ ಲಂಗ ಹಿಡಿದು ನಿಂತಳು, ಬಿಡಲೊಲ್ಲಳು. ಡಾಕ್ಟರು ನನ್ನ ಮುಖ ನೋಡದೆ ಕೈಗವಸು ಎಳೆದುಕೊಳ್ಳುತ್ತಿದ್ದರು. ದೋಂಕಾ ಒಂದು ನೀಲಿ ನಿಲುವಂಗಿ ತಂದು ನನ್ನ ತೋಳಿಗೆ ತೂರಿಸಿದಳು.

"ಆಯಾ ರಜೆ ಡಾಕ್ಟ್ರೇ. ಮಗುವಿನ ಕಾಲು ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

"ತಾಯಂದಿರು ಬರಬಾರದು ಅಂತ ನಿಯಮ ಇದೆ," ಎಂದರು ಅವರು. ಮತ್ತೊಂದು ಕೈಗವಸು ಹಾಕಿಕೊಂಡರು. "ಆಯಾ ಬರಬಾರದು ಅಂತೇನೂ ಇಲ್ಲ. ಬನ್ನಿ ಆಯಾ."

ರಾಲಿ ಮೇಜಿನ ಮೇಲೆ ಮೊಣಕಾಲು ಎದೆಗೆ ಅವಚಿ ಮಲಗಿದಳು. ನಾನು ಅವಳ ಕಾಲು ಹಿಡಿದೆ.

"ಅಮ್ಮಾ..."

"ಶ್!" ದೋಂಕಾ ಅವಳ ಕಿವಿಗೆ ಬಗ್ಗಿದಳು. "ಇವತ್ತು ಇವಳು ಅಮ್ಮ ಅಲ್ಲ, ಆಯಾ. ಅಮ್ಮ ಅಂದ್ರೆ ಹೊರಗೆ ಹಾಕ್ತಾರೆ."

ದೊಡ್ಡವರ ಪಾಠಗಳು ರಾಲಿಗೆ ಅಭ್ಯಾಸವಾಗಿಬಿಟ್ಟಿದ್ದವು.

"ಆಯಾ, ಕಾಲು ಬೇಡ, ಕೈ ಹಿಡ್ಕೋ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಅವಳ ಬೆನ್ನ ಹಿಂದೆ, ಡಾಕ್ಟರು ಸೂಜಿಯನ್ನು ತುಸು ಹಿಂದಕ್ಕೆ ತೆಗೆದರು. "ಆಯಾ, ಮಗು ಹೇಳಿದ ಹಾಗೆ ಮಾಡಿ."