ಮರಿ ಎದ್ದು ಕೂತ ಕತೆ

"ಸರೀರಿ, ನಾನೂ ನೀರು ಹಾಕ್ತೀನಿ" ಎನ್ನುತ್ತ ಅಮೃತಾ ಹೆಂಗಸರ ನಡುವೆ ತೂರಿಕೊಂಡು ಬಂದಳು. ಕೈಯಲ್ಲಿ ಅವಳು ಹಾಲು ಕುಡಿಯುವ ಸ್ಟೀಲ್ ಲೋಟ. ಗಿಣಿಗೇರಾದ ಆ ಮನೆಯ ಅಂಗಳದಲ್ಲಿ, ಅಡ್ಡ ಹಿಡಿದ ಸೀರೆಯ ಮರೆಯಲ್ಲಿ, ಅವಳ ಆಯಿ, ಅಪ್ಪನ ತಾಯಿ ಫಕೀರಮ್ಮನ ಕೊನೆಯ ಸ್ನಾನ ನಡೆದಿತ್ತು.

"ಸಣ್ಣ ಹುಡುಗಿಗೆ ಯಾಕ ಬೇಕು ಇದೆಲ್ಲಾ? ಒಳಗ ಕಳಸ್ರಿ" ಎಂದು ಯಾರೋ ಗದರಿದರು. ನೀರು ತಂದುಕೊಡುತ್ತಿದ್ದ ಪಕ್ಕದ ಮನೆಯ ಶಾಹಜಾದಬಿ ತಡೆದಳು.

"ಹಾಕ್ಲಿ ಬಿಡ್ರಿ. ಅಕಿ ಬಗಲಾಗ ಮಲಗಿ ಬೆಳದ ಕೂಸು."

ಅಮೃತಾ ಬಗ್ಗಿ ಆಯಿಯ ಮುಖಕ್ಕೆ ನೀರು ಚಿಮುಕಿಸಿದಳು. ಸ್ವಲ್ಪ ಹೊತ್ತು ಕಾದು ನೋಡಿದಳು.

"ಮಮ್ಮಿ, ಈಗ ಏಳ್ತಾಳ ನೋಡು" ಎಂದಳು.

ಬಾಗಿಲಲ್ಲಿ ನಿಂತಿದ್ದ ಅನುಷಾ, ಫಕೀರಮ್ಮನ ಸೊಸೆ, ಕೇಳಿಯೂ ಕೇಳದವಳಂತೆ ಸೆರಗು ಸರಿಮಾಡಿಕೊಂಡಳು.

*

ಹೋದ ವರ್ಷದವರೆಗೆ ಆ ಮನೆಯಲ್ಲಿ ಕತೆ ಹೇಳುವ ಹಕ್ಕು ಫಕೀರಮ್ಮನದೇ ಆಗಿತ್ತು. ಅವೆಲ್ಲ ಅವಳು ಯಲಬುರ್ಗಾ ಕಡೆಯ ಗುಡ್ಡದಲ್ಲಿ ಆಡು ಕಾಯ್ದ ಕಾಲದ ಕತೆಗಳು. ಒಂದರಲ್ಲಿ ತೋಳ ಆಡಿನ ಮರಿಯನ್ನು ಹೊತ್ತುಕೊಂಡು ಹೋಗುತ್ತಿತ್ತು. ತಾಯಿ ಆಡು ಗುಡ್ಡವೆಲ್ಲ ಒದರುತ್ತ ತಿರುಗಿ, ಕೊನೆಗೆ ಕೆಚ್ಚಲು ಬಿಗಿದು ತಡೆಯಲಾರದೆ ಯಾವುದೋ ತಬ್ಬಲಿ ಮರಿಗೆ ಹಾಲೂಡಿಸುತ್ತಿತ್ತು. ಅಮೃತಾ ಮಾತುಮಾತಿಗೂ ಹ್ಞೂಂಗುಟ್ಟುತ್ತ, ತಬ್ಬಲಿ ಹಾಲು ಕುಡಿಯುವ ಹೊತ್ತಿಗೆ ನಿದ್ದೆಹೋಗುತ್ತಿದ್ದಳು.

ಒಂದು ನಸುಕಿನಲ್ಲಿ ಹುಡುಗಿ ತೋಳ ಬಂತೆಂದು ಚೀರಿ ಎದ್ದು ಹಾಸಿಗೆ ಒದ್ದೆ ಮಾಡಿಕೊಂಡಳು. ಅನುಷಾ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಟೀಚರ್. ಮಕ್ಕಳನ್ನು ಮಲಗಿಸುವಾಗ ಎಂಥ ಕತೆ ಆರಿಸಬೇಕು, ಎಂಥದನ್ನು ಬಿಡಬೇಕು ಎಂಬುದನ್ನು ಫೋನಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದವಳು. ಅಂದೇ ಅತ್ತೆಯನ್ನು ಎದುರು ಕೂರಿಸಿಕೊಂಡಳು.

"ಅತ್ತಿ, ಇನ್ನ ಮ್ಯಾಲೆ ಸಾಯೂ ಕತಿ ಬ್ಯಾಡ್ರಿ. ಆ ಮರಿ ಬದುಕಬೇಕು."

"ತೋಳ ಬಾಯಿ ಹಾಕಿದ್ದು ಹೆಂಗ ಬದುಕತೈತಿ ಅನುಷಾ?"

"ಕತಿ ಅಲ್ಲೇನ್ರಿ ಅದು? ನೀರು ಚಿಮುಕಸ್ರಿ, ಎದ್ದು ಕುಂದರ್ಲಿ. ಆಗಂಗಿಲ್ಲಂದ್ರ ಅಮೃತಾ ಇವತ್ತಿಂದ ನನ್ನ ಹಂತ್ಯಾಕ ಮಲಗ್ತಾಳ."

ಗಂಡ ಹೋದ ಮೇಲೆ ಫಕೀರಮ್ಮನಿಗೆ ಬದುಕಿನಲ್ಲಿ ಬೆಚ್ಚಗಿನದು ಅಂತ ಉಳಿದದ್ದು ಕೌದಿಯೊಳಗೆ ಮುದುಡಿ ಮಲಗುವ ಆ ಹುಡುಗಿ ಒಬ್ಬಳೇ. ಅದು ಸೊಸೆಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದಳು.

"ನಾಳಿ ಹುಡುಗಿ ನನಗ ಸುಳ್ಳಬುರಕಿ ಅಂದ್ರ?" ಮುದುಕಿಯ ದನಿ ಸಣ್ಣಗಾಗಿತ್ತು.

"ನಾನ ಹೇಳ್ಸಿದ್ದು ಅಂತ ನಾನ ಹೇಳ್ತೀನಿ ಬಿಡ್ರಿ."

ಹಾಲಿಗೆ ಹೆಪ್ಪು ಕೇಳಲು ಬಂದಿದ್ದ ಶಾಹಜಾದಬಿ ಬಾಗಿಲಲ್ಲೇ ನಿಂತು ಇದಿಷ್ಟನ್ನೂ ಕೇಳಿಸಿಕೊಂಡಳು.

ಅಂದಿನಿಂದ ಕತೆಯಲ್ಲಿ ತೋಳ ಬಿಟ್ಟುಹೋದ ಮರಿಗೆ ತಾಯಿ ಆಡು ಹಳ್ಳದ ನೀರು ಚಿಮುಕಿಸಿತು, ಸತ್ತ ಮರಿ ಕಿವಿ ಕೊಡವಿ ಎದ್ದು ಕೂತಿತು. ಹುಡುಗಿಗೆ ಅದೇ ಇಷ್ಟವಾಯಿತು. ಫಕೀರಮ್ಮ ಮಾತ್ರ ಕತೆ ಅಲ್ಲಿಗೆ ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಹೇಳುತ್ತಿದ್ದಳು. ತಬ್ಬಲಿಗೆ ಆ ಕತೆಯಲ್ಲಿ ಜಾಗವೇ ಉಳಿಯಲಿಲ್ಲ.

*

ಸ್ನಾನ ಮುಗಿಯಿತು. ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಅವರ ಮಂದಿಯ ಪದ್ಧತಿಯಂತೆ ಫಕೀರಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಭಜನೆಯವರು ತಾಳ ಕೈಗೆತ್ತಿಕೊಂಡರು.

"ಎದ್ಲು!" ಅಮೃತಾ ಕುಣಿದಾಡಿದಳು. "ಆಯಿ ಎದ್ದು ಕುಂತಾಳ! ಪಪ್ಪಾ, ನಾನು ನೀರು ಹಾಕಿದ್ದಕ್ಕ ಎದ್ಲು!"

ತಾಳ ನಿಂತಿತು. ಫ್ಯಾಕ್ಟರಿಯ ಪಾಳಿಯಿಂದ ಹಾಕಿದ ಬಟ್ಟೆಯಲ್ಲೇ ಓಡಿ ಬಂದಿದ್ದ ಮಗ ಶರಣಬಸಪ್ಪ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತ. ಹುಡುಗಿ ಆಯಿಯ ತೊಡೆಗೆ ಮೊಣಕೈ ಊರಿ ಕೂತು, "ಹ್ಞೂಂ, ಹೇಳು" ಎಂದಳು. ಕಾದಳು. ಮತ್ತೆ "ಹ್ಞೂಂ" ಎಂದಳು. ಅವಳನ್ನು ಅಲ್ಲಿಂದ ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಮಧ್ಯಾಹ್ನ ಹೂವು ಕಟ್ಟಿದ, ಪಲ್ಲಕ್ಕಿಯಂಥ ವಿಮಾನದಲ್ಲಿ ಕೂರಿಸಿ ಹೊತ್ತು ನಡೆದಾಗ ಅಮೃತಾ ಮತ್ತೆ ಲೋಟ ತುಂಬಿಕೊಂಡು ಬೆನ್ನು ಹತ್ತಿದಳು. ಶರಣಬಸಪ್ಪ ತಿರುಗಿ ನಿಂತ.

"ಮಣ್ಣು ಮಾಡಾಕ ಹೊಂಟೀವಿ ಮಗಳ. ಆಯಿ ಸತ್ತಾಳ. ಇನ್ನ ಏಳಂಗಿಲ್ಲ."

ಬೆಳಗಿನಿಂದ ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅಂಗಳ ತೊಳೆಯುತ್ತಿದ್ದ ಹೆಂಗಸರ ನಡುವೆ ಅವಳು ತಾಯಿಯ ಎದುರು ಬಂದು ನಿಂತಳು. "ಮಮ್ಮಿ, ನೀರು ಹಾಕಿದ್ರ ಏಳ್ತಾರಂತ ಆಯಿ ಹೇಳಿದ್ಲು. ಸುಳ್ಳು ಹೇಳಿದ್ಲೇನು?"

ಶಾಹಜಾದಬಿ ಕಸಬರಿಗೆ ನಿಲ್ಲಿಸಿ ಅನುಷಾಳ ಮುಖವನ್ನೇ ನೋಡಿದಳು. ಅನುಷಾಳ ಶಾಲೆಯ ಇಬ್ಬರು ಟೀಚರುಗಳೂ ಅಲ್ಲೇ ಇದ್ದರು. ಅತ್ತೆಗೆ ಕೊಟ್ಟಿದ್ದ ಮಾತು ಸೊಸೆಯ ಬಾಯಿವರೆಗೆ ಬಂದಿತ್ತು.

"ವಯಸ್ಸಾದವ್ರು ಪುಟ್ಟಿ, ಏನೇನರ ಹೇಳ್ತಿದ್ರು" ಎಂದಳು.

ಶಾಹಜಾದಬಿ ಕಸಬರಿಗೆ ಅಲ್ಲೇ ಬಿಟ್ಟು ತನ್ನ ಮನೆಗೆ ಹೋದಳು.

ಅಮೃತಾ ಗಟಾರದ ಅಂಚಿಗೆ ಹೋಗಿ ಲೋಟವನ್ನು ಬೋರಲು ಹಿಡಿದಳು. ನೀರು ಪೂರ್ತಿ ಚೆಲ್ಲಿಹೋಯಿತು. ಆಮೇಲೆ, ಎಸೆಯಲೆಂದು ಹೊರಗೆ ಹಾಕಿದ್ದ ಆಯಿಯ ಕೌದಿಯೊಳಗಿಂದ ತನ್ನ ಪುಟ್ಟ ದಿಂಬನ್ನು ಎಳೆದುಕೊಂಡು, ಒದ್ದೆ ಅಂಗಳ ದಾಟಿ, ಮಮ್ಮಿಯ ಮಂಚದ ಮೇಲೆ ತಂದು ಇಟ್ಟಳು.