ಮೂವರೂ ಒಪ್ಪಿದ ತೊಟ್ಟಿ

"ಏ ಮೂದೇವಿ, ಅಲ್ಲೇ ನಿಲ್ಲೇ! ಆ ಹೊಲಸು ಕಾಲು ಒಳಗಿಟ್ಟೀಯ!"

ದೊಡ್ಡ ಮ್ಯಾನೇಜರ್ ಗದರಿದ್ದಕ್ಕೆ ಹಗ್ಗ ಹಿಡಿಯುವವಳು ಹೊಸ್ತಿಲಲ್ಲೇ ನಿಂತಳು. ಬಣ್ಣದ ಕಾರ್ಖಾನೆಯ ಕೊಳಕು ನೀರಿನ ತೊಟ್ಟಿಗೆ ಇಳಿಯುವವನು ಅವಳ ತಮ್ಮ. ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಮೇಲೆ ಇವಳ ಕೈಯಲ್ಲಿ. ಇವತ್ತು ಮುಚ್ಚಳ ತೆಗೆದಾಗ ಬಂದ ವಾಸನೆಗೆ ಅವಳ ತಲೆ ಗಿರ್ರೆಂದಿತ್ತು. "ನಾನು ಬರೋವರೆಗೂ ಇಳೀಬೇಡ ಕಣೋ" ಎಂದು ತಮ್ಮನಿಗೆ ಹೇಳಿ, ಏದುಸಿರು ಬಿಡುತ್ತ ಮಹಡಿಯ ಮೀಟಿಂಗ್ ಕೋಣೆಗೆ ಓಡಿಬಂದಿದ್ದಳು.

"ತೊಟ್ಟೀಲಿ ಗ್ಯಾಸು ತುಂಬ್ಕೊಂಡಿದೆ ಸಾಮಿ."

ದೊಡ್ಡ ಮ್ಯಾನೇಜರ್ ಗೋಡೆಯಗಲದ ಪರದೆ ತೋರಿಸಿ ನಕ್ಕ. ಹೊಸ ಸಾಫ್ಟ್‌ವೇರು. ಮೂವರು ಮ್ಯಾನೇಜರುಗಳು ತಲೆಗೊಂದು ತಿಳಿದುಕೊಂಡು ಕಚ್ಚಾಡಬಾರದೆಂದು ತರಿಸಿದ್ದು. ತಿಳಿದದ್ದನ್ನು ಒಬ್ಬೊಬ್ಬರೂ ಅದರಲ್ಲಿ ಬರೆಯಬೇಕು. ಎಲ್ಲರದೂ ತಾಳೆಯಾದರೆ ಪರದೆ ಹಸಿರು, ಹಸಿರಾದರೆ ಕೆಳಗೆ ಮೇಸ್ತ್ರಿಯ ಫೋನಿಗೆ ಅಪ್ಪಣೆ. ಮೂರು ತಲೆಗೆ ಸೇರಿಸಿ ಒಂದೇ ಟೋಪಿ ಹೊಲಿಸಿದ ಹಾಗೆ.

"ನೋಡು, 'ತೊಟ್ಟಿ ಸುರಕ್ಷಿತ'. ಮೂವರೂ ಒಪ್ಪಿದೀವಿ."

"ಯಾರು ಬಂದು ನೋಡಿದ್ರಿ?"

ರಿಪೇರಿ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. "ಸುರಕ್ಷತೆಯವ್ರು ಬರೆದಿದ್ರಲ್ಲ, ನಾನೂ ಹಾಗೇ ಬರೆದೆ."

"ನಾನು ದೊಡ್ಡ ಸಾಹೇಬ್ರು ಬರೆದಿದ್ದು ನೋಡ್ಕೊಂಡು..." ಸುರಕ್ಷತೆಯವನು ಹಲ್ಲು ಗಿಂಜಿದ.

"ನಂಗೆ ರಿಪೇರಿಯವ್ರೇ ಬಾಯಲ್ಲಿ ಹೇಳಿದ್ರಪ್ಪ" ಅಂದ ದೊಡ್ಡವನು.

ಅವಳಿಗೆ ಪಿತ್ತ ನೆತ್ತಿಗೇರಿತು. "ಥೂ! ಒಬ್ಬನ ಎಂಜಲು ಒಬ್ಬ ನೆಕ್ಕಿ, ಮೂರು ಜನವೂ ಉಂಡ್ವಿ ಅಂತೀರಲ್ಲೋ ಬೋಳಿಮಕ್ಳಾ!"

"ಬಾಯಿ ಮುಚ್ಚೇ! ನೀನು ಹತ್ತಿ ಬರೋವಾಗ್ಲೇ ಹಸಿರಾಗಿ ಅಪ್ಪಣೆ ಹೋಯ್ತು, ನಿನ್ನ ತಮ್ಮ ಇಳಿದೂ ಇರ್ತಾನೆ. ಹೋಗಿ ಹಗ್ಗ ಹಿಡ್ಕೋ ಹೋಗು."

ಅವಳು ಮೆಟ್ಟಿಲ ಕಡೆಗೆ ಓಡಿದಳು. ಬಿದ್ದು ಎದ್ದು ಕೆಳಗೆ ಬಂದರೆ ಹಗ್ಗವನ್ನು ಕಂಬಿಗೆ ಬಿಗಿದು ಮೇಸ್ತ್ರಿ ಕೈಕಟ್ಟಿ ನಿಂತಿದ್ದ. "ಮೇಲಿಂದ ಅಪ್ಪಣೆ ಬಂತು. ನಾನೇನ್ಮಾಡ್ಲಿ?"

ಕೂಗಿದಳು. ಒಳಗಿನಿಂದ ತಮ್ಮ ಓಗೊಡಲಿಲ್ಲ. ನಾಲ್ವರು ಕೂಲಿಗಳು ಸೇರಿ ಎಳೆದರು. ಮೇಲೆ ಬಂದದ್ದು ಹೆಣ. ಅವನ ಮೂಗಿನ ಕೆಸರನ್ನು ಅಂಗೈಯಲ್ಲಿ ಬಳಿದು, "ಅಕ್ಕ ಬಂದೆ ಕಣೋ, ಅಕ್ಕ ಬಂದೆ" ಎಂದು ಕೆನ್ನೆ ತಟ್ಟುತ್ತಲೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಕೈ ನಿಂತಿತು.

"ಎತ್ರೋ ಇವನ್ನ. ನಡೀರಿ ಮೇಲಕ್ಕೆ."

ಕೋಣೆಯಲ್ಲಿ ಮೂವರೂ ಆಗಲೇ ಬರೆಯುತ್ತಿದ್ದರು. ಪರದೆಯ ಮೇಲೆ 'ಕೂಲಿಯವನ ಅಜಾಗರೂಕತೆ' ಎಂದು ಎರಡು ಸಲ ಬಂದಿತ್ತು, ಮೂರನೆಯವನು ಅರ್ಧದಲ್ಲಿದ್ದ. ಕೂಲಿಗಳು ಹೆಣವನ್ನು ಗಾಜಿನ ಮೇಜಿನ ಮೇಲೆ ಮಲಗಿಸಿದರು. ನೀಲಿ ರಾಡಿ ಲ್ಯಾಪ್‌ಟಾಪುಗಳ ಕೆಳಗೆ ಹರಿಯಿತು.

ರಿಪೇರಿಯವನು ಬಾಗಿಲಿಗೆ ಓಡಿದ. ಅವಳು ಚಿಲಕ ಹಾಕಿ ಅಡ್ಡ ನಿಂತಳು.

"ಕೂತ್ಕೊಳ್ರೋ. ಪೊಲೀಸ್ನೋರಿಗೆ ಹೇಳಿ ಕಳ್ಸಿದೀನಿ, ಅವ್ರು ಬರೋವರೆಗೂ ಒಬ್ಬನೂ ಕದಲಂಗಿಲ್ಲ."

ದೊಡ್ಡ ಮ್ಯಾನೇಜರ್ ಫೋನು ತೆಗೆದ. ಅವಳು ಅದನ್ನು ಕಿತ್ತುಕೊಂಡು ತಮ್ಮನ ಎದೆಯ ಮೇಲಿಟ್ಟಳು.

"ಬೇಕಾದ್ರೆ ಬಂದು ಎತ್ಕೋ."