ಜೋಡಿ ತಪ್ಪಿದ ಪದ

“ಡನ್ ಅಲ್ಲ ಸರ್, ಮೇಡ್.”

ಜೋಡಿ ಮೇಷ್ಟ್ರ ಬಾಯಿಂದ ಮಾತು ಜಾರಿಬಿಟ್ಟಿತು. ಮೇಜಿನ ಆಚೆ ಕೂತಿದ್ದ ಕಣ್ಣಾಸ್ಪತ್ರೆಯ ಆಡಳಿತಾಧಿಕಾರಿ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಅವರನ್ನು ನೋಡಿದ. ನಮ್ಮ ಕಡೆಯಿಂದ ತಪ್ಪಾಗಿದೆ ಎಂದು ಅವನು ಆಗಷ್ಟೇ ಒಪ್ಪಿಕೊಳ್ಳತೊಡಗಿದ್ದ. ‘ಎ ಮಿಸ್ಟೇಕ್ ವಾಸ್ ಡನ್’ ಎಂದಿದ್ದ. ಅಷ್ಟು ಮಾತು ಅವನ ಬಾಯಿಂದ ಹೊರಡಿಸಲು ಮೇಷ್ಟ್ರ ಹೆಂಡತಿ ಆ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿದ್ದಳು. ಈಗ ಗಂಡನ ಪಕ್ಕದಲ್ಲಿ ಕೂತಿದ್ದವಳು ಸುಮ್ಮನೆ ಕಣ್ಣು ಮುಚ್ಚಿಕೊಂಡಳು.

ಆಕೆಯದು ರಫು ಕೆಲಸ. ಇಸ್ತ್ರಿ ಅಂಗಡಿಯವನು ತಂದುಕೊಡುವ ಕೋಟು, ಶಾಲುಗಳ ತೂತನ್ನು ಅದೇ ಬಟ್ಟೆಯಿಂದ ತೆಗೆದ ಎಳೆಗಳಲ್ಲಿ ಹೆಣೆದು ಮುಚ್ಚುತ್ತಿದ್ದಳು. ತೂತು ಎಲ್ಲಿತ್ತೆಂದು ಬಟ್ಟೆ ತೊಡುವವನಿಗೇ ಗೊತ್ತಾಗಬಾರದು, ಅಂಥ ಕೈ. ಒಂದು ಕಣ್ಣು ಚಿಕ್ಕಂದಿನಿಂದಲೂ ಮಂದ, ದುಡಿಮೆಯೆಲ್ಲ ಇನ್ನೊಂದರದ್ದು. ಅದಕ್ಕೆ ಪೊರೆ ಬಂದಾಗ, ನನಗೆ ಹತ್ತಿರದ್ದು ಕಾಣುವ ಲೆನ್ಸೇ ಬೇಕು, ದೂರದ್ದು ಕಾಣದಿದ್ದರೆ ಹಾಳಾಗಿ ಹೋಗಲಿ ಎಂದು ಹೇಳಿಯೇ ಆಪರೇಷನ್ನಿಗೆ ಮಲಗಿದ್ದಳು. ಬೇರೆ ಯಾರಿಗೋ ಇಟ್ಟಿದ್ದ ಲೆನ್ಸನ್ನು ತಂದು ಇವಳಿಗೆ ಹಾಕಿದರು. ಈಗ ಬೀದಿಯ ಕೊನೆಯ ಅಂಗಡಿಯ ಬೋರ್ಡು ಅಕ್ಷರ ಅಕ್ಷರ ಕಾಣುತ್ತದೆ, ಕೈಯಲ್ಲಿರುವ ಸೂಜಿಯ ಕಣ್ಣು ಕಾಣುವುದಿಲ್ಲ. ದಾರದ ಬಣ್ಣ ಗೊತ್ತಾಗುತ್ತದೆ, ಎಳೆ ಗೊತ್ತಾಗುವುದಿಲ್ಲ. ದಪ್ಪ ಕನ್ನಡಕ ಹಾಕಿದರೆ ಒಂದು ಎಳೆ ಎರಡಾಗಿ ತಲೆ ಸುತ್ತುತ್ತದೆ. ಲೆನ್ಸ್ ಬದಲಾಯಿಸಬೇಕು, ಅದೂ ಬೇಗ. ತಡವಾದಷ್ಟೂ ಅದು ಒಳಗೆ ಕಚ್ಚಿಕೊಂಡುಬಿಡುತ್ತದಂತೆ. ತಪ್ಪು ದೊಡ್ಡದೆಂದು ಆಸ್ಪತ್ರೆಯವರು ಒಪ್ಪಿದರೆ ಇನ್ನೊಂದು ಆಪರೇಷನ್. ಸಣ್ಣದೆಂದರೆ ಇನ್ನೊಂದು ಕನ್ನಡಕ.

ಅಧಿಕಾರಿ ಇಂಗ್ಲಿಷ್ ಬಿಟ್ಟು ಕೆಳಗಿಳಿಯುವ ಆಸಾಮಿಯಲ್ಲ. ಅದಕ್ಕೇ ಆಕೆ ಗಂಡನನ್ನು ಕರೆತಂದದ್ದು. ಊರಿಗೆಲ್ಲ ಇಂಗ್ಲಿಷ್ ಕಲಿಸುವ ಗಂಡ. ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಕ್ಲಾಸು, ಅಂಗಡಿಯವರು, ಗುಮಾಸ್ತರು, ಸೇಲ್ಸಿನವರು ಬರುತ್ತಿದ್ದರು. “ನಮ್ಮಲ್ಲಿ ಎಲ್ಲಕ್ಕೂ ಒಂದೇ ‘ಮಾಡು’. ಊಟ ಮಾಡು, ಸ್ನಾನ ಮಾಡು, ನಿದ್ದೆ ಮಾಡು, ತಪ್ಪು ಮಾಡು. ಇಂಗ್ಲಿಷಲ್ಲಿ ಆ ಆಟ ನಡೆಯಲ್ಲ. ಒಂದೊಂದು ನಾಮಪದಕ್ಕೂ ಅದರದ್ದೇ ಗಂಡ. ಶವರ್‌ಗೆ ಟೇಕ್, ಲಂಚ್‌ಗೆ ಹ್ಯಾವ್, ಮಿಸ್ಟೇಕ್‌ಗೆ ಮೇಕ್. ಇನ್ನು ನಡುವೆ ಬಂದು ಕೂರೋ ಗುಣವಾಚಕ ಇದೆಯಲ್ಲ, ಅದು ಅತ್ತೆ! ಯಾವ ಮನೆಗೆ ಯಾವ ಅತ್ತೆ ಅಂತ ಮೊದಲೇ ಬರೆದಿರುತ್ತೆ. ಟೇಕ್ ಎ ಕ್ವಿಕ್ ಶವರ್. ಹ್ಯಾವ್ ಎ ಲೈಟ್ ಲಂಚ್. ಪೇ ಕ್ಲೋಸ್ ಅಟೆನ್ಷನ್. ಮೇಕ್ ಎ ಗ್ರೇವ್ ಮಿಸ್ಟೇಕ್. ಜೋಡಿ ತಪ್ಪಿತೋ, ಸಂಸಾರ ಹಾಳು.” ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಜೋಡಿ ಮೇಷ್ಟ್ರು ಎಂಬ ಹೆಸರು ಬಿದ್ದದ್ದೇ ಹಾಗೆ.

ಹಿಂದಿನ ಕೋಣೆಯಲ್ಲಿ ರಫು ಮಾಡುತ್ತ ಕೂತ ಹೆಂಡತಿಗೂ ಗೋಡೆಯಾಚೆಯಿಂದ ಕೇಳಿ ಕೇಳಿ ಜೋಡಿಗಳೆಲ್ಲ ಬಾಯಿಪಾಠ. ಆದರೆ ಆಡುವ ಗೋಜಿಗೆ ಹೋಗುತ್ತಿರಲಿಲ್ಲ. ಹಿಂದೊಮ್ಮೆ ನೆಂಟರ ಮುಂದೆ ‘ಹೆವಿ ಟೀ’ ಎಂದುಬಿಟ್ಟಿದ್ದಳು. ಸ್ಟ್ರಾಂಗ್ ಎನ್ನಬೇಕಿತ್ತು. ಮೇಷ್ಟ್ರು ಆ ಹೆವಿ ಟೀಯನ್ನು ವರ್ಷಗಟ್ಟಲೆ ಕ್ಲಾಸಿನಲ್ಲಿ ಹಂಚಿ ನಗಿಸಿದ ಮೇಲೆ ಆಕೆ ಇಂಗ್ಲಿಷಿಗೆ ದೂರದಿಂದಲೇ ಕೈಮುಗಿದಿದ್ದಳು.

ಬೆಳಿಗ್ಗೆ ಮನೆಯಿಂದ ಹೊರಡುವಾಗ ಬಾಗಿಲಲ್ಲೇ ಗಂಡನನ್ನು ನಿಲ್ಲಿಸಿ ಕೇಳಿದ್ದಳು. “ಏನು ಹೇಳ್ತೀರಿ, ಒಂದ್ಸಲ ಹೇಳಿ ನೋಡೋಣ.”

“ಯು ಹ್ಯಾವ್ ಮೇಡ್ ಎ ಗ್ರೇವ್ ಮಿಸ್ಟೇಕ್.”

“ಗ್ರೇವ್ ಅಂದ್ರೆ ಗೋರಿ ಅಲ್ವೇನ್ರೀ?”

“ಇಲ್ಲಿ ಘೋರ ಅಂತ. ಘೋರ ತಪ್ಪು.”

“ಯಾವುದಾದ್ರೂ ಸರಿ. ಅದನ್ನೇ ಹೇಳಿ. ನನಗೋಸ್ಕರ ಅದೊಂದು ಮಾತು ಸಾಕು.”

“ಹೇಳದೆ ಏನು? ಬಾಯಿಗೆ ಬೀಗ ಹಾಕ್ಕೊಂಡು ಕೂರ್ತೀನಾ?”

ಬೀಗ ಹಾಕಿಕೊಂಡು ಕೂತಿದ್ದರೆ ಎಷ್ಟೋ ವಾಸಿಯಿತ್ತು.

ಮೇಡ್ ಎಂದು ತಿದ್ದಿಸಿಕೊಂಡ ಅಧಿಕಾರಿ ಮೊದಲು ಮುಖ ಗಂಟಿಕ್ಕಿದ. ಆಮೇಲೆ ಏನು ಹೊಳೆಯಿತೋ, ನಕ್ಕ. ತಾವು ಮೇಷ್ಟ್ರೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ನಮ್ಮ ರಿಸೆಪ್ಷನ್‌ನವರ ಇಂಗ್ಲಿಷ್ ಕೇಳಿದರೆ ಕಣ್ಣು ತೋರಿಸಲು ಬಂದವರಿಗೆ ಕಿವಿಯೂ ಹೋಗುತ್ತದೆ, ಅವರಿಗೆ ಪಾಠ ಹೇಳಲು ತಮ್ಮಂಥವರನ್ನೇ ಹುಡುಕುತ್ತಿದ್ದೇನೆ ಎಂದ. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು. ಕೈ ತಾನಾಗಿ ಹೋಗಿ ಕೋಟಿನ ಗುಂಡಿ ಹಾಕಿಕೊಂಡಿತು.

“ಹಾಗಾದರೆ ನೀವೇ ಹೇಳಿ ಸರ್,” ಅಧಿಕಾರಿ ಮೊದಲ ಬಾರಿಗೆ ಕನ್ನಡಕ್ಕಿಳಿದು ಮುಂದಕ್ಕೆ ಬಾಗಿದ. “ನಿಮ್ಮ ದೂರಿಗೆ ನಮ್ಮ ಉತ್ತರದಲ್ಲಿ ಏನಂತ ಬರೆಸಲಿ? ಲಿಟ್ಲ್ ಮಿಸ್ಟೇಕಾ? ಸ್ಮಾಲ್ ಮಿಸ್ಟೇಕಾ?”

ಈವರೆಗೆ ಯಾವ ದೊಡ್ಡ ಮನುಷ್ಯನೂ ಮೇಷ್ಟ್ರನ್ನು ಇಂಥದ್ದೊಂದು ಕೇಳಿರಲಿಲ್ಲ. ಅವರು ಉಬ್ಬಿಹೋದರು.

“ಲಿಟ್ಲ್ ಬೇಡ ಸರ್, ಅದು ಮಕ್ಕಳ ಮಾತು. ಸ್ಮಾಲ್ ನಡೆಯುತ್ತೆ. ಆದ್ರೆ ಆಫೀಸಿನ ಭಾಷೆಗೆ ಮಿಸ್ಟೇಕ್‌ಗಿಂತ ಎರರ್ ಗೌರವ. ಎರರ್ ಅಂದ್ಮೇಲೆ ಮೈನರ್. ಮೈನರ್ ಎರರ್. ಅದೇ ಸರಿಯಾದ ಜೋಡಿ.”

“ಮೈನರ್ ಎರರ್,” ಅಧಿಕಾರಿ ಬಾಯಿ ಚಪ್ಪರಿಸಿದ. ಮೂಲೆಯಲ್ಲಿದ್ದ ಟೈಪಿಸ್ಟು ಟಕಟಕನೆ ಬೆರಳಾಡಿಸಿದಳು.

ಮೈನರ್ ಎಂದರೇನೆಂದು ಹೆಂಡತಿಗೆ ಗೊತ್ತಿತ್ತು. ಆಕೆ ಗಂಡನ ಕಡೆ ತಿರುಗಿದಳು. ಪಕ್ಕದಲ್ಲೇ ಇದ್ದುದರಿಂದ ಆ ಮುಖ ಮಬ್ಬಾಗಿತ್ತು. ಕುರ್ಚಿಯನ್ನು ಹಿಂದೆ ದಬ್ಬಿ ಎದ್ದು ನಿಂತು, ಗೋಡೆಯಾಚೆಯಿಂದ ಕಲಿತದ್ದನ್ನು ಮೊದಲ ಬಾರಿಗೆ ಬಾಯಿಗೆ ತಂದಳು.

“ಯು ಡು ಗ್ರೇವ್ ಮಿಸ್ಟೇಕ್.”

ಟೈಪಿಸ್ಟಳ ಬೆರಳುಗಳು ನಿಂತವು. ಅಧಿಕಾರಿಯ ಮುಖದ ನಗೆ ಆರಿಹೋಯಿತು. ಅವನಿಗೆ ಎಲ್ಲ ಅರ್ಥವಾಗಿತ್ತು; ಆಕೆಯ ಕಣ್ಣನ್ನು ಎದುರಿಸಲಾಗದೆ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ. ಏನೋ ಹೇಳಲೆಂದು ಬಾಯಿ ತೆರೆದ.

“ಹ್ಯಾವ್ ಮೇಡ್ ಕಣೇ!” ಎಂದರು ಮೇಷ್ಟ್ರು. “ನಡುವೆ ‘ಎ’ ಬೇರೆ ನುಂಗಿದ್ದೀಯ.” ಅಧಿಕಾರಿಯ ಕಡೆ ತಿರುಗಿ, “ಸಾರಿ ಸರ್. ಅವಳಿಗೆ ಇಂಗ್ಲಿಷ್ ಬರಲ್ಲ,” ಎಂದರು.

ಅಧಿಕಾರಿಗೆ ಹೋದ ಜೀವ ಬಂದಂತಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರೂ ಹಲ್ಲು ಕಿರಿದರು. ನಾಚಿಕೆಗೆಟ್ಟ ನಗು ಅದು. ಆಕೆ ನಿಂತೇ ಇದ್ದಳು. ಕೂರಮ್ಮ ಎಂದು ಯಾರೂ ಹೇಳಲಿಲ್ಲ.

ವಾಪಸು ಬರುವಾಗ ಆಕೆಯ ಕೈಯಲ್ಲಿ ಇನ್ನೊಂದು ಕನ್ನಡಕದ ಚೀಟಿ ಇತ್ತು.

“ಸಣ್ಣದು ಅಂದ್ಬಿಟ್ರಲ್ಲ ನೀವೇ.”

“ನಾನೆಲ್ಲಿ ಅಂದೆ? ಸ್ಮಾಲ್ ಅಂದದ್ದು ಅವರು. ನಾನು ಜೋಡಿ ಸರಿ ಮಾಡಿದೆ, ಅಷ್ಟೆ. ಜಗಳ ಆಡಿದ್ರೆ ಏನು ಗಿಟ್ಟುತ್ತಿತ್ತು? ಈಗ ಒಳಗೆ ಕಾಲಿಡೋಕೆ ದಾರಿ ಆಯ್ತು. ಪಾಠ ಶುರುವಾಗಲಿ, ನಿಧಾನಕ್ಕೆ ನಿನ್ನ ವಿಷಯ ಎತ್ತುತ್ತೀನಿ.”

“ಅಷ್ಟೊತ್ತಿಗೆ ಲೆನ್ಸ್ ಕಚ್ಕೊಂಡಿರುತ್ತೆ.”

“ಕನ್ನಡಕ ಬರೆದುಕೊಟ್ಟಿದ್ದಾರಲ್ಲ ಮತ್ತೆ!”

ಆಕೆ ಚೀಟಿಯನ್ನು ಮಡಚಿ ಸೆರಗಿಗೆ ಸಿಕ್ಕಿಸಿದಳು. ಸಿಟ್ಟು ಬಂದಿದ್ದರೆ ಜಗಳ ತೆಗೆಯಬಹುದಿತ್ತು. ಬಂದದ್ದು ಹೇಸಿಗೆ. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಕೆಲವು ದಿನ ಬಿಟ್ಟು ಇಸ್ತ್ರಿ ಅಂಗಡಿಯವನು ಬಂದ. “ಬೇಜಾರು ಮಾಡ್ಕೋಬೇಡಿ ಅಕ್ಕಾ, ಗಿರಾಕಿಗಳು ಕೇಳ್ತಿದ್ದಾರೆ,” ಎಂದು ರಫುವಿಗೆ ಕೊಟ್ಟಿದ್ದ ಕೋಟುಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋದ. ಸಂಜೆ ಹಿಂದಿನ ಕೋಣೆಯಲ್ಲಿ ಆಕೆ ಖಾಲಿ ಕೈಯಲ್ಲಿ ಕೂತಿದ್ದಾಗ ಗೋಡೆಯಾಚೆ ನಗು ಎದ್ದಿತು. ಹೆವಿ ಟೀ ಹಳಸಿತ್ತು. ಅದರ ಜಾಗಕ್ಕೆ ‘ಯು ಡು ಗ್ರೇವ್ ಮಿಸ್ಟೇಕ್’ ಬಂದಿತ್ತು.

ಆಸ್ಪತ್ರೆಯಲ್ಲಿ ಪಾಠ ಶುರುವಾಗುವ ದಿನ ಮೇಷ್ಟ್ರು ತಮ್ಮ ಬೂದು ಕೋಟು ಹಿಡಿದು ಬಂದರು. “ಮೊಣಕೈ ಹತ್ತಿರ ತೂತಾಗಿದೆ ಕಣೇ. ಮೊದಲ ದಿನವೇ ಹೀಗೆ ಹೋದ್ರೆ ಮರ್ಯಾದೆ ಇರುತ್ತಾ? ಕೈ ಅಂದಾಜಲ್ಲಿ ಏನಾದ್ರೂ ಮಾಡು.”

“ದಾರ ಪೋಣಿಸಿಕೊಡಿ.”

ಆಕೆ ದಾರದ ಡಬ್ಬಿ ತೆರೆದಳು. ಬೂದು ಉಂಡೆ ಮೇಲೆಯೇ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ ಕೆಳಗಿದ್ದ ಕೆಂಪು ಉಂಡೆಯನ್ನು ತೆಗೆದುಕೊಟ್ಟಳು. ಮೇಷ್ಟ್ರು ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, “ಪೇ ಕ್ಲೋಸ್ ಅಟೆನ್ಷನ್, ಪೇ ಕ್ಲೋಸ್ ಅಟೆನ್ಷನ್,” ಎಂದು ಅಂದಿನ ಪಾಠವನ್ನು ಗುನುಗುತ್ತ ದಾರ ಪೋಣಿಸಿಕೊಟ್ಟರು. ಆಕೆ ಬೆರಳಿನಿಂದ ತೂತು ಹುಡುಕಿ, ಅಡ್ಡಕ್ಕೆ ಉದ್ದಕ್ಕೆ ದಪ್ಪ ದಪ್ಪ ಹೊಲಿಗೆ ಹಾಕಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು. ಮೇಷ್ಟ್ರು ಕೋಟು ತೊಟ್ಟು, ಕನ್ನಡಿಯಲ್ಲಿ ಕಾಲರು ನೋಡಿಕೊಂಡು ಹೊರಟರು.

ಆಕೆ ಬಂದು ಕಿಟಕಿಯಲ್ಲಿ ನಿಂತಳು. ಬಾಗಿಲ ಬಳಿ ಮಬ್ಬಾಗಿದ್ದ ಗಂಡ ದೂರ ಹೋದಷ್ಟೂ ಸ್ಪಷ್ಟವಾಗುತ್ತ ಹೋದರು. ಬೀದಿಯ ಕೊನೆಯಲ್ಲಿ ಯಾರಿಗೋ ನಮಸ್ಕಾರ ಎನ್ನಲು ಕೈ ಎತ್ತಿದಾಗ, ಬೂದು ತೋಳಿನ ಮೇಲಿನ ಕೆಂಪು ಹೊಲಿಗೆ ಆಕೆಗೆ ಚೆನ್ನಾಗಿ ಕಾಣಿಸಿತು.